ಸರ್ಕಾರದ ಮನೆಯ ಒಲೆ

ನಿಜಾಮರ ಆಳ್ವಿಕೆ ಮುಗಿದು ಕೆಲವೇ ವರ್ಷವಾಗಿತ್ತು. ಸುರಪುರದ ಹತ್ತಿರ ಒಂದು ಹಳ್ಳಿಯಲ್ಲಿ ನಾನು ಶಾಲೆಯ ಮಾಸ್ತರ. ಊರವರ ಕಣ್ಣಿಗೆ ಹೊಸ ಸರ್ಕಾರ ಅಂದರೆ ನಾನೇ.

ದಿಲ್ಲಿಯಲ್ಲಿ ದೊಡ್ಡ ನಾಯಕರೊಬ್ಬರು ತೀರಿಕೊಂಡಾಗ ಮೇಲಿನಿಂದ ಹುಕುಂ ಬಂತು. ಬಾವುಟ ಅರ್ಧಕ್ಕೆ ಇಳಿಸಿದೆ, ಚಾವಡಿಯ ಮುಂದೆ ನಿಂತು ಸುದ್ದಿ ಹೇಳಿದೆ, ಶಾಲೆಗೆ ರಜೆ ಕೊಟ್ಟೆ. ಹುಕುಮಿನ ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಆಮೇಲೆ ಶಾಲೆಯ ಹಿಂದಿನ ನನ್ನ ಕೋಣೆಗೆ ಹೋಗಿ, ಹೇಗೂ ರಜೆ ಇದೆಯಲ್ಲ ಎಂದು ಕೋಳಿ ಸಾರಿಗೆ ಇಟ್ಟೆ.

ಮಸಾಲೆ ಘಮ್ಮೆನ್ನುವ ಹೊತ್ತಿಗೆ ಸರಿಯಾಗಿ ಕುರಿ ಸಾಕುವ ಮನೆಯ ಮುದುಕಿ ನಿಂಗವ್ವ ಬಾಗಿಲಿಗೆ ಬಂದಳು. ತಲೆಯ ಮೇಲೆ ಬುಟ್ಟಿ, ಹಿಂದೆ ಓಣಿಯ ನಾಲ್ಕು ಹೆಂಗಸರು.

“ಏನ್ ಮಾಡಾಕತ್ತೀರಿ ಮಾಸ್ತರ?”

“ಅಡಗಿ,” ಅಂದೆ.

“ಸತ್ತ ಮನ್ಯಾಗ ಒಲಿ ಹಚ್ತಾರೇನ್ರಿ? ಓಣಿ ಮಂದಿ ಬುತ್ತಿ ತರ್ತಾರ. ಅದಕ್ಕ ರೊಟ್ಟಿ, ಪುಂಡಿಪಲ್ಯ ತಂದೀವಿ.”

“ಸಾವಾಗಿದ್ದು ದಿಲ್ಲ್ಯಾಗ, ನಿಂಗವ್ವ.”

“ಅಲ್ಲೀತನ ನಮ್ಮ ಬುತ್ತಿ ಮುಟ್ಟಂಗಿಲ್ಲ. ಅವರ ಮನಿ ಮಂದಿ ಅಂತ ಇಲ್ಲಿರಾವ್ರು ನೀವೊಬ್ರ.”

ಒಲೆಗೆ ನಾನೇ ನೀರು ಸುರಿದೆ. ಪಾತ್ರೆಯ ಕಡೆ ಯಾರೂ ನೋಡಲಿಲ್ಲ. ನಾನು ಉಂಡು ಮುಗಿಸುವವರೆಗೆ ಅವರೆಲ್ಲ ಪಕ್ಕದಲ್ಲಿ ಕೂತಿದ್ದರು. ಮೂರು ದಿನ ಹಾಗೇ ಬುತ್ತಿ ಬಂತು.

‘ಹುಕುಮಿನ ಪ್ರಕಾರ ಶೋಕ ಆಚರಿಸಲಾಯಿತು’ ಎಂದು ಮೇಲಿನವರಿಗೆ ವರದಿ ಬರೆದೆ. ಯಾರ ಹುಕುಂ ಎಂದು ಬರೆಯಲಿಲ್ಲ.