ಒಳಗೇ ಮಲಗಿದ್ದ ರೋಗ

ಬೀದರಿನಲ್ಲಿ ನಮ್ಮ ಪಕ್ಕದ ಮನೆಯ ಜೀವಶಾಸ್ತ್ರದ ಟೀಚರಿಗೆ ಗಗನಯಾತ್ರಿಗಳದೇ ಚಿಂತೆ. "ಹಾರೋ ಮೊದಲ ಅವರನ್ನ ಯಾರೂ ಮುಟ್ಟದಂಗ ಇಡ್ತಾರರಿ. ಆದ್ರ ಸಣ್ಣವರಿದ್ದಾಗ ಬಂದ ಅಮ್ಮ, ಅಂದ್ರ ಚಿಕನ್‌ಪಾಕ್ಸಿನ ವೈರಸ್ಸು ಒಳಗೇ ಮಲಗಿರ್ತದ. ತಿಂಗಳಗಟ್ಟಲೆ ಮ್ಯಾಲಿದ್ದು ಮೈ ಸೋತ್ರ ಏಳ್ತದ," ಎನ್ನುತ್ತ ಬಿಗಿದ ಮುಷ್ಟಿಯನ್ನು ಮೆಲ್ಲಗೆ ಬಿಚ್ಚುವರು. ಔರಾದಿನ ಬಸ್ಸು ಹತ್ತಲೂ ಹೆದರುವ ನಾನು ಗಗನಯಾತ್ರಿಗಳಿಗಾಗಿಯೂ ನಿದ್ದೆಗೆಟ್ಟೆ.

ಒಂದು ಬೆಳಿಗ್ಗೆ ನೋಡಿದರೆ ಸೊಂಟದ ಒಂದು ಬದಿಗೆ ಉರಿಯುವ ಗುಳ್ಳೆಗಳ ಸಾಲು. ಸರ್ಪಸುತ್ತು! ತಲೆ ಬಾಲ ಕೂಡಿದರೆ ಮನುಷ್ಯ ಮುಗಿದನೆಂದೇ ನಂಬಿದವನು, ಅಂಗಿ ಎತ್ತಿಕೊಂಡೇ ಅವರ ಬಾಗಿಲಿಗೆ ಓಡಿದೆ.

"ಅಲ್ಲೇ ನಿಂದರ್ರಿ! ಅದೇ ವೈರಸ್ಸು ಎದ್ದದ. ಮಗಳು ಬಸುರಿ ಅದಾಳ. ಆಕಿಗಿ ಅಮ್ಮ ಬಂದಿರದಿದ್ರ ಕೂಸಿಗಿ ಧೋಕಾ."

ನಿನ್ನೆಯಷ್ಟೇ ಸೊಂಟ ಕೆರೆದ ಕೈಯಲ್ಲೇ ಆ ಹುಡುಗಿಯಿಂದ ಚಹಾ ತೆಗೆದುಕೊಂಡಿದ್ದೆ. ಅದನ್ನೂ ಹೇಳಿದೆ.

ಮಗಳು ಚಿಕ್ಕಂದಿನಲ್ಲಿ ಬೆಳೆದದ್ದು ಭಾಲ್ಕಿಯ ದೊಡ್ಡಮ್ಮನ ಮನೆಯಲ್ಲಿ. ಟೀಚರು ಅಕ್ಕನಿಗೆ ಫೋನು ಹಚ್ಚಿದರು. ಇನ್ನೊಂದು ಕೈ ಮುಷ್ಟಿ ಬಿಗಿದಿತ್ತು.

"ಅಮ್ಮ ಬಂದಿತ್ತು ಬಿಡವಾ," ಎಂದಿತು ಆ ಕಡೆಯ ದನಿ. "ಬಾಗಲಿಗಿ ಬೇವಿನ ತೊಪ್ಪಲ ಕಟ್ಟಿದ್ವಿ. ನಿನ್ನ ಗಂಡ ಬಂದ್ರೂ ಒಳಗ ಬಿಡಲಿಲ್ಲ."

ಮುಷ್ಟಿ ಮೆಲ್ಲಗೆ ಬಿಚ್ಚಿತು.

"ದವಾಖಾನಿಗಿ ನಡೀರಿ," ಎಂದರು. "ಮೊದಲ ಅಂಗಿ ಇಳಸ್ರಿ."

ಅಲ್ಲಿಯವರೆಗೂ ಎತ್ತಿಹಿಡಿದೇ ನಿಂತಿದ್ದೆ.