ಐಸ್ ಪ್ಲಾಂಟಿನ ಕೌಂಟರಿನ ಮುಂದೆ ಭಾಸ್ಕರ

ಹೊಳನಗದ್ದೆಯ ಭಾಸ್ಕರ ಸತ್ತ. 2003ರ ದಸರೆ ಮುಗಿದ ವಾರ, ಹೊನ್ನಾವರದ ಬಂದರಿನಿಂದ ಮನೆಗೆ ಮರಳುವಾಗ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು.

ಅವನೊಡನೆ ಸ್ನೇಹ ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಕುಮಟಾದಿಂದ ಭಟ್ಕಳದವರೆಗೆ ಅಂಗಡಿ, ಸೊಸೈಟಿಗಳಿಗೆ ವಿಷುವಲ್ ಬೇಸಿಕ್‌ನಲ್ಲಿ ಬಿಲ್ಲಿನ ಪ್ರೋಗ್ರಾಮು ಬರೆದುಕೊಡುತ್ತಿದ್ದ. ಎಲ್ಲಿ ಏನು ಕೆಟ್ಟರೂ ಮೊದಲು ಕಂಪ್ಯೂಟರಿನ ಮುಂದೆ ಕೂತವರನ್ನು ಬೈಯುತ್ತಿದ್ದ.

ಅದೇ ಬಂದರಿನ ಬೋಟಿನ ಮಾಲೀಕ ಜಟ್ಟನ ಐಸ್ ಪ್ಲಾಂಟಿನಲ್ಲಿ ಎರಡು ಕಂಪ್ಯೂಟರ್. ಲೆಕ್ಕವೆಲ್ಲ ಒಳಕೋಣೆಯದರಲ್ಲಿ, ಕೌಂಟರಿನದು ಅದನ್ನು ಅಲ್ಲಿಂದ ಪಡೆದು ಐಸಿನ ಚೀಟಿ ಮುದ್ರಿಸಬೇಕು. ಅದೇ ದಸರೆ ಕಳೆದ ಮಾರನೆಯ ಬೆಳಿಗ್ಗೆ ಕೌಂಟರಿನದು ಡೇಟಾಬೇಸ್ ಸಿಗುತ್ತಿಲ್ಲ ಎಂದು ನಿಂತುಬಿಟ್ಟಿತು. ಹೊರಗೆ ಬೋಟಿನವರು ಐಸಿಗಾಗಿ ಕೂಗಾಡುತ್ತಿದ್ದರು. ಭಾಸ್ಕರನಿಗೆ ಕರೆ ಹೋಯಿತು.

“ನಿನ್ನ ಪ್ರೋಗ್ರಾಮು ತಕ್ಕಂಡೋಗಿ ಸಮುದ್ರಕ್ಕೆ ಹಾಕು,” ಎಂದ ಜಟ್ಟ.

“ಪ್ರೋಗ್ರಾಮಿಗೆ ಎಂತದೂ ಆಗ್ಲಿಲ್ಲ ಜಟ್ಟಣ್ಣ. ಇವಳು ಎಂತದೋ ಒತ್ತಿ ಹಾಳು ಮಾಡಿದ್ದಾಳೆ.”

ಕೌಂಟರಿನಲ್ಲಿ ಚೀಟಿ ಕೊಡುವ ಗಂಗೆ ಎದ್ದು ನಿಂತಳು. “ನಾ ಒತ್ತಿದ್ದು ನೀ ಕಂಡ್ಯಾ?”

ಜಟ್ಟನಿಗೆ ಬೈಯಲು ಯಾರಾದರೂ ಬೇಕಿತ್ತು. “ನಾಳಿಂದ ಬರೂದೇ ಬೇಡ ನೀನು,” ಎಂದ. ಅವಳ ದುಡಿಮೆಯಲ್ಲೇ ಮನೆ ನಡೆಯುತ್ತಿತ್ತು. ಬೋಟಿನವರೆಲ್ಲ ನೋಡುತ್ತಿರುವಾಗ ಅವಳು ಹೊರಗೆ ನಡೆದಳು.

ಭಾಸ್ಕರ ಕೇಬಲ್ ಬದಲಿಸಿದ, ಡ್ರೈವರುಗಳನ್ನು ಮತ್ತೆ ಹಾಕಿದ. ಏನೂ ಆಗಲಿಲ್ಲ. ಕೊನೆಗೆ ಒಳಕೋಣೆಗೆ ಹೋದರೆ ಕುಂಕುಮ ಹಚ್ಚಿದ ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲಿ ಬೇರೆಯೇ ಹೆಸರಿತ್ತು.

“ಇದ್ಯಾರು ಬದಲಿಸಿದ್ದು?”

“ನಾನೇ. ಬೋಟಿಗೂ ಬದಲಿಸ್ಲಿಲ್ವಾ?”

ಹಿಂದಿನ ವರ್ಷ ಮೀನು ಸಿಗದೆ ಜಟ್ಟ ಬೋಟಿನ ಹೆಸರು ಅಳಿಸಿ ದೇವಿಯ ಹೆಸರು ಬರೆಸಿದ್ದ. ಕಂಪ್ಯೂಟರಿಗೂ ಬೋಟಿನ ಹಳೆಯ ಹೆಸರೇ ಇತ್ತು; ಆಯುಧಪೂಜೆಯ ದಿನ ಅದನ್ನೂ ಬದಲಿಸಿದ್ದ. ಕೌಂಟರಿನ ಪ್ರೋಗ್ರಾಮು ಮಾತ್ರ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಆ ಹೆಸರನ್ನು ಬೇರೆಯವರಿಗೆ ಬದಲಿಸಲಾಗದಂತೆ ಪ್ರೋಗ್ರಾಮಿನೊಳಗೇ ಬರೆದಿಟ್ಟವನು ಭಾಸ್ಕರ.

“ಹಳೇದು ಮತ್ತೆ ಇಟ್ರೆ ನಿನ್ನ ಕೈ ಮುರೀತೆ,” ಎಂದ ಜಟ್ಟ.

ಭಾಸ್ಕರ ಪ್ರೋಗ್ರಾಮಿಗೆ ದೇವಿಯ ಹೆಸರು ಹಾಕಿಕೊಟ್ಟ. ಚೀಟಿ ಬಂತು.

“ಗಂಗೆಯನ್ನು ಕರೀರಿ, ಜಟ್ಟಣ್ಣ.”

“ದೂರಿದವ ನೀನು. ನೀನೇ ಕರಿ.”

ಭಾಸ್ಕರ ಅವಳ ಮನೆಗೆ ಹೋದಾಗ ಗಂಗೆ ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

“ಸರಿ ಆತು. ನಾಳೆ ಬರ್ಬೇಕಂತೆ.”

“ಕಳ್ಳಿ ಹಾಂಗೆ ಎಲ್ಲರೆದುರಿಗೆ ಎಬ್ಬಿಸಿ ಕಳ್ಸಿದ್ರಿ. ಈಗ ಇಲ್ಲಿ ಬಂದು ಗುಟ್ಟಲ್ಲಿ ಹೇಳ್ತ್ಯಾ? ಅಲ್ಲೇ ಬಂದು ಹೇಳು. ಅಲ್ಲಿವರೆಗೆ ನಾ ಕುರ್ಚಿ ಮುಟ್ಟುದಿಲ್ಲ.”

ಬೈಕಿನವರೆಗೂ ಅವನು ಅವಳನ್ನು ಬೈಯುತ್ತಲೇ ಹೋದ. ಆದರೆ ಮಾರನೆಯ ಬೆಳಿಗ್ಗೆ ಪ್ಲಾಂಟಿಗೆ ಬಂದ. ಗಂಗೆ ಕುರ್ಚಿಯ ಪಕ್ಕ ಕೈಕಟ್ಟಿ ನಿಂತಿದ್ದಳು. ಕೌಂಟರಿನ ಮುಂದೆ ಬೋಟಿನವರ ಸಾಲಿತ್ತು.

“ಇವಳು ಎಂತದೂ ಮಾಡ್ಲಿಲ್ಲ. ತಪ್ಪು ನನ್ನದು,” ಎಂದ ಭಾಸ್ಕರ, ನೆಲ ನೋಡುತ್ತ.

“ಎಂತ ಗುನುಗುದು ಮಾರಾಯ? ಬೈಯುವಾಗ ಇದ್ದ ಗಂಟ್ಲು ಎಲ್ಲಿ ಹೋತು?” ಎಂದು ಸಾಲಿನ ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು. ಗಂಗೆ ನಗಲಿಲ್ಲ, ಕೂರಲೂ ಇಲ್ಲ.

ಭಾಸ್ಕರ ತಲೆ ಎತ್ತಿ, ಸಾಲಿನ ಕೊನೆಯವನಿಗೂ ಕೇಳುವಂತೆ, ಅದನ್ನೇ ಇನ್ನೊಮ್ಮೆ ಹೇಳಿದ.