ಕೊನೆಯ ಪಂದ್ಯದ ಹಿಂದಿನ ಸಂಜೆ

ನೈರೋಬಿಯ ಹುಡುಗರೆಲ್ಲ ರಗ್ಬಿ ಆಡುವಾಗ ನನ್ನ ಮಗನಿಗೆ ಮಾತ್ರ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿಯಿತು. ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಪ್ಯಾಡು, ಒಂದು ಗಳಿಗೆ ಗುದ್ದಾಟ, ಆಮೇಲೆ ಸುತ್ತ ನಿಂತು ಗುಸುಗುಸು; ನನಗಂತೂ ತಲೆಬುಡ ತಿಳಿಯಲಿಲ್ಲ. ಅವನ ಕಾಲೇಜು ಚಿಕ್ಕದು, ತಂಡ ಇನ್ನೂ ಚಿಕ್ಕದು. ಬಗ್ಗಿ ನಿಂತು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವುದು ಇವನ ಕೆಲಸ. ಇದಕ್ಕೂ ಅಭ್ಯಾಸ ಬೇಕೇ ಎಂದು ಹೆಂಡತಿಯ ಮುಂದೆ ಗೊಣಗಿದ್ದುಂಟು.

ಆಟವನ್ನು ನಿಜಕ್ಕೂ ಅರ್ಥ ಮಾಡಿಕೊಂಡವನು ಬೆಂಗಳೂರಿನಲ್ಲಿದ್ದ ನನ್ನ ಅಣ್ಣ. ಮಗ ಕಳಿಸಿದ ವಿಡಿಯೋಗಳನ್ನೆಲ್ಲ ಬಿಡದೆ ನೋಡುತ್ತಿದ್ದ. ಭಾನುವಾರ ಫೋನ್ ಮಾಡಿದರೆ ನನ್ನನ್ನು ವಿಚಾರಿಸುವ ಮೊದಲೇ, "ಎಲ್ಲೋ ಅವ್ನು? ನಿನ್ನೆ ಯಾರ್‍ಯಾರನ್ನ ಕೆಡವಿದ ಅಂತ ಕೇಳ್ಬೇಕು," ಎನ್ನುವನು.

ಆ ಸಲ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಬ್ಬನ ಮೊಣಕಾಲು ಹೋಯಿತು, ಇನ್ನೊಬ್ಬನ ಭುಜ. ಕೊನೆಯ ಪಂದ್ಯದ ಹೊತ್ತಿಗೆ ಮೈದಾನಕ್ಕಿಳಿಯಲು ಬೇಕಾದ ಹನ್ನೊಂದೇ ಜನ ಉಳಿದಿದ್ದರು. ಆ ಶನಿವಾರ ಆಡದಿದ್ದರೆ ತಂಡವನ್ನೇ ಮುಚ್ಚುವುದಾಗಿ ಕಾಲೇಜು ಹೇಳಿತ್ತು.

ಅದೇ ಬುಧವಾರ ಅಣ್ಣ ತೀರಿಕೊಂಡ. ನಾನು ವಿಮಾನ ಹಿಡಿದು ತಲುಪುವಷ್ಟರಲ್ಲಿ ದಹನ ಮುಗಿದಿರುತ್ತಿತ್ತು. ನೈರೋಬಿಯಲ್ಲೇ, ಲ್ಯಾವಿಂಗ್ಟನ್ನಿನ ನಮ್ಮ ಫ್ಲ್ಯಾಟಿನಲ್ಲಿ ತಲೆಗೆ ಸ್ನಾನ ಮಾಡಿ ಸೂತಕ ಹಿಡಿದೆವು. ದೇವರ ಮುಂದೆ ದೀಪವಿಲ್ಲ. ಯಾರನ್ನೂ ಮುಟ್ಟುವಂತಿಲ್ಲ. ಅಪ್ಪರ್ ಹಿಲ್‌ನ ಆಫೀಸಿಗೂ ಹೋಗಲಿಲ್ಲ.

"ಶನಿವಾರ ಆಟಗೀಟ ಏನೂ ಇಲ್ಲ," ಎಂದೆ ಮಗನಿಗೆ.

"ಅಪ್ಪಾ, ವಿ ಆರ್ ಜಸ್ಟ್ ಇಲೆವೆನ್. ದೊಡ್ಡಪ್ಪ ವುಡ್ ವಾಂಟ್ ಮಿ ಟು ಪ್ಲೇ."

"ಸತ್ತಿರೋದು ನಿಮ್ಮ ದೊಡ್ಡಪ್ಪನೇ. ಹತ್ತು ದಿನ ಸುಮ್ನೆ ಕೂತ್ಕೊ."

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಅಳು ಬಂದಿರಲಿಲ್ಲ. ಬರೀ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಶುಕ್ರವಾರ ಸಂಜೆ ಕೋಚ್ ಜೊತೆ ಇಡೀ ತಂಡ ಮನೆಗೆ ಬಂತು. ಸಾವಾದ ಮನೆಗೆ ಗುಂಪಾಗಿ ಬಂದು ಕೂರುವುದು ಇಲ್ಲಿಯ ವಾಡಿಕೆ. ಬಾಗಿಲಷ್ಟು ಅಗಲದ ಹುಡುಗರು, "ಪೋಲೆ ಸಾನಾ, ಅಂಕಲ್," ಎಂದು ಇಲ್ಲಿಯ ರೀತಿಯಲ್ಲಿ ಸಂತಾಪ ಹೇಳುತ್ತ, ಒಬ್ಬೊಬ್ಬರಾಗಿ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮುಟ್ಟಬೇಡಿ ಎನ್ನಲು ಬಾಯಿ ಬರಲಿಲ್ಲ. ಸುದ್ದಿ ಬಂದಾಗಿನಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಆ ಹುಡುಗರ ಮುಂದೆಯೇ ಅತ್ತುಬಿಟ್ಟೆ.

ಅವರು ಮಗನನ್ನು ಆಟಕ್ಕೆ ಕೇಳಲು ಬಂದಿದ್ದಾರೆ ಎಂದುಕೊಂಡಿದ್ದೆ. ಕೋಚ್ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ನಾಳೆ ಆಡುವುದಿಲ್ಲವೆಂದು ಎದುರು ತಂಡಕ್ಕೂ ಕಾಲೇಜಿಗೂ ತಿಳಿಸಿಯಾಗಿದೆ, ಸಾವಿನ ಮನೆಯಲ್ಲಿ ಕೂತವನನ್ನು ಆಟಕ್ಕೆ ಕರೆಯಲು ಹುಡುಗರು ಒಪ್ಪಲಿಲ್ಲ.

"ಕಳಿಸ್ತೀನಿ, ಆಡಲಿ," ಎಂದು ತಡವರಿಸಿದೆ. ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಕೋಚ್ ಇಲ್ಲವೆಂದು ತಲೆಯಾಡಿಸಿದರು. ಹೊತ್ತು ಮೀರಿತ್ತು. ಆ ತಂಡ ಮತ್ತೆ ಮೈದಾನಕ್ಕಿಳಿಯಲಿಲ್ಲ.

ಸಾವಿನ ಮನೆಯಿಂದ ಹೊರಡುವಾಗ ನಮ್ಮವರು ಬರುತ್ತೇನೆ ಎನ್ನುವುದಿಲ್ಲ. ಅಂಥ ಕಾರಣಕ್ಕೆ ಮತ್ತೆ ಬರುವಂತಾಗದಿರಲಿ ಎಂದು ಸುಮ್ಮನೆ ಎದ್ದು ಹೋಗುತ್ತಾರೆ. ಆದರೆ ಮುಂಚೆ ಊಟಕ್ಕೆ ಬಂದಾಗಲೆಲ್ಲ ಮಗ ಆ ಹುಡುಗರಿಗೆ ಹೊರಡುವಾಗಿನ ಕನ್ನಡ ಕಲಿಸಿದ್ದ. ಬಾಗಿಲಲ್ಲಿ ಶೂ ಹಾಕಿಕೊಂಡು, ನಮಗೆ ಮರ್ಯಾದೆ ಕೊಡಬೇಕೆಂದು ತಲೆಬಾಗಿ, ಮೊದಲನೆಯವನು, "ಬರ್ತೀನಿ, ಅಂಕಲ್," ಎಂದ. ಹೆಂಡತಿ ಗಾಬರಿಯಿಂದ ನನ್ನತ್ತ ನೋಡಿದಳು. ಮಗ ಅವನನ್ನು ತಡೆಯಲು ಹೋದ.

ನಾನು ಮಗನ ಭುಜ ಹಿಡಿದು ನಿಲ್ಲಿಸಿದೆ.

"ಹೋಗಿ ಬಾಪ್ಪ," ಎಂದೆ. ಎರಡನೆಯವನಿಗೂ ಹಾಗೇ ಎಂದೆ. ಎಲ್ಲರಿಗೂ ಎಂದೆ.